ಸೆಕೆಂಡ್ ಹ್ಯಾಂಡ್ ಕ್ರೂಸರ್ ಬೈಕ್ ತಗೊಳ್ಳೋದು ಹೇಗೆ: ಮೊದಲು ಪೇಪರ್, ಆಮೇಲೆ ತಣ್ಣಗಿನ ಇಂಜಿನ್, ದುಡ್ಡು ಕೊನೆಗೆ

ಹೋದ ಮಳೆಗಾಲ ಮುಗಿದ ಮೇಲೆ ನನ್ನ ಪರಿಚಯದ ನಾಲ್ಕು ಜನ ಹಳೆ ಕ್ರೂಸರ್, ಅಂದರೆ ಸೀಟ್ ಕೆಳಗಿದ್ದು ಆರಾಮಾಗಿ ಕೂತು ಓಡಿಸುವ ಬೈಕ್, ತಗೊಂಡರು. ಅದರಲ್ಲಿ ಮೂರು ಜನ ಪೆಟ್ಟು ತಿಂದರು. ಒಬ್ಬನ ಗಾಡಿಯ ಲೋನೇ ತೀರಿರಲಿಲ್ಲ. ಇನ್ನೊಬ್ಬನದು ಎರಡನೇ ವಾರಕ್ಕೆ ಸೆಲ್ಫ್ ಒತ್ತಿದರೆ ಕರಕರ ಅನ್ನತೊಡಗಿತು. ಮೂರನೆಯವನ ಗಾಡಿ ಚೆನ್ನಾಗಿಯೇ ಇದೆ, ಆದರೆ ಆರ್‌ಸಿ ಇವತ್ತಿಗೂ ಹಳೇ ಮಾಲೀಕರ ಹೆಸರಲ್ಲಿದೆ, ಅವರು ಕೆಲಸಕ್ಕೆ ಅಂತ ದುಬೈಗೆ ಹೋಗಿ ಕೂತಿದ್ದಾರೆ.

ಮೂವರದೂ ಒಂದೇ ತಪ್ಪು. ಮೊದಲು ಸೈಲೆನ್ಸರ್ ಸದ್ದು ಕೇಳಿದರು, ಆಮೇಲೆ ಒಂದು ರೌಂಡ್ ಹೊಡೆದರು, ಮನಸ್ಸು ಸೋತಿತು, ಅಡ್ವಾನ್ಸ್ ಕೊಟ್ಟರು, ಗಾಡಿ ಮನೆಗೆ ತಂದರು, ಎಲ್ಲ ಆದ ಮೇಲೆ ಪೇಪರ್ ಬಿಚ್ಚಿ ನೋಡಿದರು. ಕ್ರೂಸರ್ ವಿಷಯದಲ್ಲಿ ಇದು ಜಾಸ್ತಿ ಆಗುತ್ತದೆ, ಯಾಕಂದರೆ ಮೈಲೇಜ್ ಲೆಕ್ಕ ಹಾಕಿ ಕ್ರೂಸರ್ ತಗೊಳ್ಳುವವರು ಕಮ್ಮಿ. ಇಷ್ಟಪಟ್ಟು ತಗೊಳ್ಳುವವರೇ ಎಲ್ಲ.

ಕೆಳಗಿರುವುದನ್ನು ಹೇಳಿರುವ ಕ್ರಮದಲ್ಲೇ ಮಾಡಿ. ನಾನು ಮುಖ್ಯವಾಗಿ ರಾಯಲ್ ಎನ್‌ಫೀಲ್ಡ್‌ನ ಮೀಟಿಯೋರ್ 350, ಥಂಡರ್‌ಬರ್ಡ್ 350, ಬಜಾಜ್‌ನ ಅವೆಂಜರ್ 220 ಇಟ್ಟುಕೊಂಡು ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆ ಮಾರಾಟಕ್ಕೆ ಬರುವುದರಲ್ಲಿ ಹೆಚ್ಚಿನವು ಇವೇ.

ಕೈಯಲ್ಲಿ ಏನೇನು ಇರಬೇಕು

ಒಂದು ಒಳ್ಳೆಯ ಟಾರ್ಚ್. ಮೊಬೈಲ್ ಟಾರ್ಚ್ ಬೇಡ, ಟ್ಯಾಂಕ್ ಒಳಗೆ ಬಗ್ಗಿ ನೋಡುವಾಗ ಮೊಬೈಲೇ ಬೀಳುತ್ತದೆ. ಹಳೇ ಬಟ್ಟೆ, ಪೆನ್ನು, ಹಾಳೆ, ಮತ್ತೆ ಬ್ಯಾಟರಿ ವೋಲ್ಟ್ ನೋಡುವ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಮೀಟರ್ ಸಾಕು. ನಿಮ್ಮದೇ ಹೆಲ್ಮೆಟ್, ಒರಿಜಿನಲ್ ಲೈಸೆನ್ಸ್. ಜೊತೆಗೆ ಒಬ್ಬ ಗೆಳೆಯ, ಅವನದೇ ಗಾಡಿಯಲ್ಲಿ. ಅವನು ಯಾಕೆ ಅನ್ನುವುದು ಟ್ರಯಲ್ ಹೊತ್ತಿಗೆ ಗೊತ್ತಾಗುತ್ತದೆ. ಮೊಬೈಲಲ್ಲಿ ಗಾಡಿ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್ ಮೊದಲೇ ಹಾಕಿಕೊಂಡಿರಿ, ತೋಟದ ಮನೆ ಹತ್ತಿರ ನೆಟ್‌ವರ್ಕ್ ನಂಬಬೇಡಿ.

ದುಡ್ಡು ತಗೊಂಡು ಹೋಗಬೇಡಿ. ಜೇಬಲ್ಲಿದ್ದರೆ ಕೊಟ್ಟೇ ಕೊಡುತ್ತೀರಿ.

1. ಯಾವ ಗಾಡಿ ಅನ್ನುವುದು ಮನೆಯಲ್ಲೇ ತೀರ್ಮಾನವಾಗಲಿ

ಸ್ಪೇರ್ಸ್ ಎಲ್ಲಿ ಸಿಗುತ್ತದೆ ಅನ್ನುವುದರಿಂದ ಶುರು ಮಾಡಿ. ಹಾಸನದ ಯಾವ ಗ್ಯಾರೇಜಿಗೆ ಹೋದರೂ ಥಂಡರ್‌ಬರ್ಡ್ ಇಂಜಿನ್ ಬಿಚ್ಚಿ ಗೊತ್ತಿರುವವರು ಸಿಗುತ್ತಾರೆ. ಅವೆಂಜರ್‌ನದು ಪಲ್ಸರ್ 220 ಕುಟುಂಬದ ಇಂಜಿನ್, ಅದಕ್ಕೂ ತೊಂದರೆ ಇಲ್ಲ. ಆದರೆ ನೋಡಲು ಭರ್ಜರಿಯಾಗಿ, ಬೆಲೆಗೆ ತೀರಾ ಅಗ್ಗವಾಗಿ ಕಾಣುವ ಯುಎಂ ರೆನೆಗೇಡ್ ಥರದ ಗಾಡಿ ಸಿಕ್ಕರೆ ಯೋಚಿಸಿ, ಆ ಕಂಪನಿ ಈಗ ಇಲ್ಲಿ ಗಾಡಿ ಮಾರುತ್ತಿಲ್ಲ. ಒಂದು ಲಿವರ್ ಮುರಿದರೆ ತಿಂಗಳುಗಟ್ಟಲೆ ಹುಡುಕಬೇಕು. ಹಾರ್ಲೆ ಸ್ಟ್ರೀಟ್ 750 ಕೂಡ ಹಾಗೇ. ಹಾರ್ಲೆ 2020ರಲ್ಲಿ ಇಲ್ಲಿನ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಗಾಡಿ ಕೆಟ್ಟದ್ದು ಅಂತ ಅಲ್ಲ, ಆದರೆ ಚಿಕ್ಕಮಗಳೂರಲ್ಲಿ ಕೂತು ಸಾಕುವ ಗಾಡಿ ಅದಲ್ಲ.

ಇಸವಿಯನ್ನೂ ನೋಡಿಕೊಳ್ಳಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗೂ ಎಬಿಎಸ್, ಅಂದರೆ ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ಮಾನದಂಡ ಬಿಎಸ್6 ಬಂತು, ಅದಕ್ಕೂ ಮೊದಲಿನದು ಬಿಎಸ್4. ಚಾರ್ಮಾಡಿ, ಶಿರಾಡಿ ಕಡೆ ಮಳೆಯಲ್ಲಿ ಓಡಾಡುವವರಾದರೆ ಎಬಿಎಸ್ ಇರುವ ಗಾಡಿಯನ್ನೇ ಹುಡುಕಿ, ಅದಕ್ಕಾಗಿ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಬಿಎಸ್4 ಥಂಡರ್‌ಬರ್ಡ್ 350ರದ್ದು ಕಾರ್ಬುರೇಟರ್, ಕಿಕ್ಕರ್ ಕೂಡ ಇದೆ. ಮೀಟಿಯೋರ್ 2020ರ ನವೆಂಬರ್‌ನಲ್ಲಿ ಬಂದದ್ದು, ಅದರದ್ದು ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್, ಕಿಕ್ಕರ್ ಮಾತ್ರ ಇಲ್ಲ. ಬ್ಯಾಟರಿ ಸತ್ತರೆ 191 ಕೆಜಿ ಗಾಡಿಯನ್ನು ತಳ್ಳಬೇಕು ಅನ್ನುವುದು ನೆನಪಿರಲಿ.

ಎತ್ತರ ಕಮ್ಮಿ ಇರುವವರಿಗೆ ಸೀಟ್ ಕೆಳಗಿರುವುದು ಅನುಕೂಲ, ಸರಿ. ಆದರೆ ಅಷ್ಟೇ ಕೆಳಗೆ ಇಂಜಿನ್ನೂ ಸೈಲೆನ್ಸರೂ ಇರುತ್ತವೆ. ನಿಮ್ಮ ಮನೆಗೆ ಹೋಗುವ ದಾರಿ ಕಲ್ಲು ಕಿತ್ತ ತೋಟದ ರಸ್ತೆಯಾಗಿದ್ದರೆ ಮೊದಲು ಯಾರದಾದರೂ ಕ್ರೂಸರ್ ಕೇಳಿ ಒಮ್ಮೆ ಆ ದಾರಿಯಲ್ಲಿ ಓಡಿಸಿ ನೋಡಿ.

2. ಫೋನಲ್ಲೇ ಅರ್ಧ ಕೆಲಸ ಮುಗಿಸಿ

ಜಾಹೀರಾತು ನೋಡಿದ ತಕ್ಷಣ ಹೊರಡಬೇಡಿ. ಫೋನ್ ಮಾಡಿ, ಗಾಡಿ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ನಂಬರ್ ಸಿಕ್ಕರೆ ಎಂಪರಿವಾಹನ್‌ನಲ್ಲಿ ಹಾಕಿ. ನೋಂದಣಿಯಾದ ದಿನ, ಇನ್ಶೂರೆನ್ಸ್ ಎಲ್ಲಿವರೆಗೆ, ಎಮಿಷನ್ ಟೆಸ್ಟ್ ಎಲ್ಲಿವರೆಗೆ, ಆರ್‌ಸಿ ಎಲ್ಲಿವರೆಗೆ ಅನ್ನುವುದು ಬರುತ್ತದೆ. ಆಮೇಲೆ ಇ-ಚಲನ್ ಬಾಕಿ ಎಷ್ಟಿದೆ ನೋಡಿ. ಬೆಂಗಳೂರಲ್ಲಿ ಓಡಿದ ಗಾಡಿಯಾದರೆ ಇದನ್ನಂತೂ ಬಿಡಬೇಡಿ, ಸಿಗ್ನಲ್ ಕ್ಯಾಮೆರಾ ಹಾಕಿದ ದಂಡ ಮಾಲೀಕರಿಗೇ ಗೊತ್ತಿರುವುದಿಲ್ಲ.

ಆರ್‌ಸಿಯ ಎರಡೂ ಬದಿ ಫೋಟೋ ತರಿಸಿಕೊಳ್ಳಿ. ಅದರಲ್ಲಿ ನಾಲ್ಕು ವಿಷಯ ನೋಡಿ.

ಮೊದಲನೆಯದು, ನಿಮ್ಮ ಜೊತೆ ಮಾತಾಡುತ್ತಿರುವವರ ಹೆಸರೇ ಆರ್‌ಸಿಯಲ್ಲಿದೆಯಾ? ಇಲ್ಲದಿದ್ದರೆ ಯಾಕೆ? "ಅಪ್ಪನ ಗಾಡಿ ಸಾರ್" ಅಂದರೆ, ಅಪ್ಪ ಇದ್ದಾರಾ ಅಂತ ಕೇಳಲೇಬೇಕು, ಕೇಳಲು ಮುಜುಗರವಾದರೂ. ತೀರಿಕೊಂಡಿದ್ದರೆ ಆ ಗಾಡಿ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಆಮೇಲಷ್ಟೇ ನಿಮಗೆ ಮಾರಬಹುದು.

ಎರಡನೆಯದು ಲೋನ್. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ "ಲೋನ್ ಎಲ್ಲಾ ಕಟ್ಟಿ ಆಗಿದೆ" ಅನ್ನುವ ಮಾತಿಗೆ ಬೆಲೆಯಿಲ್ಲ. ಫೈನಾನ್ಸ್‌ನವರ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಮತ್ತು ಅವರು ಸಹಿ, ಸೀಲ್ ಹಾಕಿದ ಫಾರ್ಮ್ 35 ಬೇಕು. ಅದನ್ನು ಆರ್‌ಟಿಓಗೆ ಕೊಟ್ಟು ಹೆಸರು ತೆಗೆಸಿಕೊಂಡು ಬನ್ನಿ ಅಂತ ಮಾರುವವರಿಗೇ ಹೇಳಿ. ನೀವು ಮಾಡಿಸಿಕೊಳ್ಳುತ್ತೇನೆ ಅಂತ ಒಪ್ಪಬೇಡಿ. ಶುರುವಿನಲ್ಲಿ ಹೇಳಿದೆನಲ್ಲ, ಆ ಗೆಳೆಯ ಹಾಗೆ ಒಪ್ಪಿಕೊಂಡವನೇ. ಕೊನೆಗೆ ಮೂರು ಕಂತು ತಾನೇ ಕಟ್ಟಿದ.

ಮೂರನೆಯದು ಎಷ್ಟನೇ ಮಾಲೀಕರು. ಕಾಗದದಲ್ಲಿ ಒಬ್ಬರೇ ಇದ್ದು ನಿಜವಾಗಿ ಗಾಡಿ ಮೂರು ಕೈ ದಾಟಿರುವುದು ನಮ್ಮ ಕಡೆ ಮಾಮೂಲು. ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಾಯಿಸದೆ ಗಾಡಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಇಂಥ ಗಾಡಿ ಎಷ್ಟೇ ಚೆನ್ನಾಗಿರಲಿ, ಆರ್‌ಸಿಯಲ್ಲಿರುವ ಮನುಷ್ಯ ನಿಮ್ಮ ಎದುರು ಬಂದು ನಿಲ್ಲದಿದ್ದರೆ ಬೇಡ.

ನಾಲ್ಕನೆಯದು ಎಲ್ಲಿಯ ನೋಂದಣಿ. ಕೆಎ 13 ಹಾಸನ, ಕೆಎ 18 ಚಿಕ್ಕಮಗಳೂರು, ಕೆಎ 46 ಸಕಲೇಶಪುರ, ಕೆಎ 66 ತರೀಕೆರೆ. ಕರ್ನಾಟಕದ ಒಳಗಿನ ಗಾಡಿಯಾದರೆ ನಂಬರ್ ಬದಲಾಗುವುದಿಲ್ಲ, ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ. ಕೇರಳದ ಅಥವಾ ಪಾಂಡಿಚೇರಿಯ ಗಾಡಿ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಅಗ್ಗಕ್ಕೆ ಕಾರಣವೂ ಇರುತ್ತದೆ. ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ಬರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಆಗಬೇಕು. ಈ ಖರ್ಚು ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಅನ್ನುವುದು ಎಲ್ಲೋ ಹೋಗಿರುತ್ತದೆ.

ನಂಬರ್ ಪ್ಲೇಟ್ ಫೋಟೋ ಕೂಡ ಕೇಳಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಹಾಕಿಸಿಲ್ಲ ಅಂದರೆ ಅದು ಮಾರುವವರ ಕೆಲಸ.

3. ಬೆಳಿಗ್ಗೆ ಹೋಗಿ, ಗಾಡಿ ತಣ್ಣಗಿರಲಿ

ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿ: "ಅಣ್ಣಾ, ಬೆಳಿಗ್ಗೆ ನಾವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ, ತೊಳೆಯೋದೂ ಬೇಡ." ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅಂದುಕೊಳ್ಳಬೇಕಿಲ್ಲ, ಪಾಪ ಹಾಲು ತರಲು ಹೋಗಿ ಬಂದಿರಬಹುದು. ಆದರೆ ಆವತ್ತು ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಬಿಸಿ ಇಂಜಿನ್ ಅರ್ಧ ಕಾಯಿಲೆಯನ್ನು ಮುಚ್ಚಿಡುತ್ತದೆ.

ಸಂಜೆ, ಮಳೆ, ಪೆಟ್ರೋಲ್ ಬಂಕಿನ ಲೈಟು, ಈ ಮೂರರಲ್ಲೂ ಗಾಡಿ ನೋಡಬಾರದು. ಒದ್ದೆ ಗಾಡಿಯ ಪೇಂಟ್ ಎಲ್ಲಾ ಹೊಸದರಂತೆ ಕಾಣುತ್ತದೆ.

4. ಕಿಲೋಮೀಟರ್ ಬಿಡಿ, ಮಳೆಗಾಲ ಎಣಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇದಕ್ಕೆ ಅರ್ಧ ಗಂಟೆ ಕೊಡಿ.

ಜನ ಮೊದಲು ಮೀಟರ್ ನೋಡುತ್ತಾರೆ. "ಬರೀ ಹನ್ನೆರಡು ಸಾವಿರ ಓಡಿದೆ" ಅಂತ ಖುಷಿಪಡುತ್ತಾರೆ. ಮಲೆನಾಡಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಲ್ಲಿ ಮೂವತ್ತು ಸಾವಿರ ಓಡಿದ ಗಾಡಿಗಿಂತ ಮೂಡಿಗೆರೆ, ಕಳಸದ ಕಡೆ ಶೆಡ್ ಇಲ್ಲದೆ ಐದು ಮಳೆಗಾಲ ನಿಂತು ಹತ್ತು ಸಾವಿರ ಓಡಿದ ಗಾಡಿಯೇ ಜಾಸ್ತಿ ಸವೆದಿರುತ್ತದೆ. ಓಡುವ ಗಾಡಿಗೆ ಎಣ್ಣೆ ತಾಕುತ್ತಿರುತ್ತದೆ. ನಿಂತ ಗಾಡಿಗೆ ನೀರು ಮಾತ್ರ. ಹಾಗಾಗಿ ಮೊದಲ ಪ್ರಶ್ನೆ ಎಷ್ಟು ಓಡಿದೆ ಅಂತ ಅಲ್ಲ, ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸುತ್ತಿದ್ದಿರಿ ಅಂತ. ಆ ಜಾಗವನ್ನೂ ನೋಡಿ ಬನ್ನಿ.

ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಒಳಗೆ ತಗಡು ಹೊಳೆಯಬೇಕು. ಕಂದು ಬಣ್ಣ, ಮೂಲೆಯಲ್ಲಿ ಪುಡಿ ಕಂಡರೆ ತುಕ್ಕು. ಈಗಿನ ಪೆಟ್ರೋಲಲ್ಲಿ ಎಥನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುತ್ತದೆ, ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಇದು ಬೇಗ ಆಗುತ್ತದೆ. ತುಕ್ಕಿನ ಪುಡಿ ಕಾರ್ಬುರೇಟರಿಗೆ ಹೋದರೆ ತೊಳೆಸಿಕೊಂಡು ಬದುಕಬಹುದು, ಇಂಜೆಕ್ಷನ್ ಗಾಡಿಯ ಪಂಪಿಗೆ ಹೋದರೆ ಖರ್ಚು ದೊಡ್ಡದು.

ಮುಂದಿನ ಫೋರ್ಕ್ ರಾಡ್ ಮೇಲೆ ಬಟ್ಟೆಯಿಂದ ಒರೆಸಿ, ಉಗುರಿಂದ ಮೇಲಿಂದ ಕೆಳಗೆ ಎಳೆಯಿರಿ. ಸಣ್ಣ ಗುಳಿ ಉಗುರಿಗೆ ತಾಕಿದರೆ ತುಕ್ಕು ಕ್ರೋಮ್ ತಿಂದಿದೆ ಅಂತ. ಅಂಥ ರಾಡಿಗೆ ಹೊಸ ಆಯಿಲ್ ಸೀಲ್ ಹಾಕಿಸಿದರೂ ಆ ಗುಳಿ ಸೀಲನ್ನು ಮತ್ತೆ ಹರಿಯುತ್ತದೆ. "ಸೀಲ್ ಒಂದು ಹಾಕಿಸಿದರೆ ಸರಿಹೋಗುತ್ತೆ" ಅನ್ನುವ ಮಾತು ಇಲ್ಲಿ ಸುಳ್ಳು, ರಾಡೇ ಬದಲಿಸಬೇಕು.

ಸೈಲೆನ್ಸರನ್ನು ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೆಲಕ್ಕೆ ಮಲಗಿ ಕೆಳಗಿಂದ ನೋಡಿ, ಜಾಯಿಂಟ್ ಇರುವಲ್ಲಿ ಬೆರಳಿಂದ ತಟ್ಟಿ. ಟಣ್ ಅಂದರೆ ಸರಿ, ಟಪ್ ಅಂದರೆ ಒಳಗೆ ಕೊಳೆತಿದೆ. ಮಲಗಿದ್ದೀರಲ್ಲ, ಹಾಗೇ ಇಂಜಿನ್ ತಳವನ್ನೂ ನೋಡಿ. ಕಲ್ಲು ಬಡಿದ ಗುರುತು, ಹಂಪ್ ಉಜ್ಜಿದ ಗೆರೆ, ಆಯಿಲ್ ತೆಗೆಯುವ ನಟ್ ಸುತ್ತ ಎಂಸೀಲ್ ಮೆತ್ತಿದ್ದು ಕಂಡರೆ ಈ ಗಾಡಿಯನ್ನು ಜೀಪಿನ ಥರ ಓಡಿಸಿದ್ದಾರೆ.

ಸೀಟ್ ಬಿಚ್ಚಿಸಿ. ಇದನ್ನು ಯಾರೂ ಮಾಡುವುದಿಲ್ಲ. ಕಾಫಿ ಗೋಡೌನಲ್ಲಿ, ಅಡಿಕೆ ಮನೆಯಲ್ಲಿ ನಿಲ್ಲಿಸಿದ ಗಾಡಿಯ ಸೀಟ್ ಕೆಳಗೆ ಇಲಿ ಗೂಡು ಮಾಡಿರುತ್ತದೆ. ನಾನು ಆಲ್ದೂರು ಕಡೆ ನೋಡಿದ ಒಂದು ಥಂಡರ್‌ಬರ್ಡ್‌ನಲ್ಲಿ ಏರ್ ಫಿಲ್ಟರ್ ಡಬ್ಬದ ತುಂಬಾ ಕಾಫಿ ಹೊಟ್ಟು, ಒಳಗೆ ಮೂರು ಮರಿ. ಮಾಲೀಕರಿಗೇ ಗೊತ್ತಿರಲಿಲ್ಲ, ಪಿಕಪ್ ಯಾಕೆ ಕಮ್ಮಿ ಅಂತ ಎರಡು ಸಲ ಪ್ಲಗ್ ಬದಲಿಸಿದ್ದರಂತೆ. ಇಲಿ ಕಡಿದ ವೈರಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ಎಷ್ಟು ಕಡೆ ಸುತ್ತಿದ್ದಾರೆ ಎಣಿಸಿ. ಎಬಿಎಸ್ ಇರುವ ಗಾಡಿಯಲ್ಲಿ ವೈರಿಂಗ್ ತೊಂದರೆ ಹುಡುಕುವುದು ಮೆಕ್ಯಾನಿಕ್‌ಗಳಿಗೂ ತಲೆನೋವು.

ಸೀಟ್ ಕೆಳಗೆ, ಹೆಡ್‌ಲೈಟ್ ಒಳಗೆ, ಮೀಟರ್ ಗಾಜಿನ ಒಳಗೆ ನುಣ್ಣನೆಯ ಕೆಸರಿನ ಗೆರೆ ಕಂಡರೆ ಗಾಡಿ ನೀರಲ್ಲಿ ಮುಳುಗಿದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಏನಾಯಿತು ಅಂತ ನೆನಪಿರಬಹುದು. ಮುಳುಗಿದ ಗಾಡಿ ಯಾವ ಬೆಲೆಗೂ ಬೇಡ.

ಕೊನೆಗೆ ಟಯರ್. ಗೆರೆ ಎಷ್ಟು ಉಳಿದಿದೆ ಅನ್ನುವುದರ ಜೊತೆ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಇದ್ದರೆ ಎರಡೂ ಟಯರ್ ಖರ್ಚು ನಿಮ್ಮದೇ ಅಂತ ಹಾಳೆಯಲ್ಲಿ ಬರೆದುಕೊಳ್ಳಿ. ಚೈನ್ ಸ್ಪ್ರಾಕೆಟ್ ಹಲ್ಲು ಒಂದೇ ಕಡೆಗೆ ವಾಲಿ ಚೂಪಾಗಿದ್ದರೆ ಅದನ್ನೂ ಬರೆಯಿರಿ.

5. ಬಿದ್ದ ಗಾಡಿಯಾ, ಎಷ್ಟು ಜೋರಾಗಿ ಬಿದ್ದಿದೆ

ಎಲ್ಲ ಗಾಡಿಯೂ ಒಂದು ಸಲ ಬಿದ್ದಿರುತ್ತದೆ. ನಿಂತಲ್ಲೇ ಬಿದ್ದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹ್ಯಾಂಡಲ್ ತುದಿ, ಲಿವರ್ ತುದಿ, ಫುಟ್‌ರೆಸ್ಟ್ ತುದಿ, ಸೈಲೆನ್ಸರ್ ಪಕ್ಕ ಒಂದೇ ಬದಿಯಲ್ಲಿ ಉದ್ದಕ್ಕೆ ಉಜ್ಜಿದ್ದರೆ ರಸ್ತೆಯಲ್ಲಿ ಜಾರಿದೆ ಅಂತ.

ಎದುರಿನಿಂದ ಗುದ್ದಿದ್ದು ಬೇರೆ ಕಥೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಫ್ರೇಮಿನ ಕುತ್ತಿಗೆ ಹತ್ತಿರ ಹ್ಯಾಂಡಲ್ ತಡೆಯುವ ಸಣ್ಣ ಗುಬುಟು ಇರುತ್ತದೆ. ಅದು ಚಪ್ಪಟೆಯಾಗಿದ್ದರೆ, ವೆಲ್ಡಿಂಗ್ ಮಾಡಿದ್ದರೆ, ಪೇಂಟ್ ಒಡೆದಿದ್ದರೆ ಮುಂದೆ ದೊಡ್ಡ ಪೆಟ್ಟು ಬಿದ್ದಿದೆ. ಅಲ್ಲೇ ಕುತ್ತಿಗೆಯ ಮೇಲೆ ಚಾಸಿ ನಂಬರ್ ಹುಡುಕಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಇಂಜಿನ್ ನಂಬರ್ ಕೂಡ. ಉಜ್ಜಿದಂತೆ, ಮತ್ತೆ ಕೊರೆದಂತೆ ಕಂಡರೆ ಚೌಕಾಸಿ ಬೇಡ, ಕಾಫಿ ಕೊಟ್ಟರೆ ಕುಡಿದು ಹೊರಡಿ.

ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಡುವೆ ಟಕ್ ಅಂತ ಕೂತಂತೆ ಆದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಕೋನ್ ಸೆಟ್, ಹೋಗಿದೆ. ಇದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಒಳ್ಳೆಯದು.

6. ಈಗ ಸ್ಟಾರ್ಟ್ ಮಾಡಿ

ಮೊದಲು ಆಯಿಲ್. ಥಂಡರ್‌ಬರ್ಡ್, ಮೀಟಿಯೋರ್ ಎರಡರಲ್ಲೂ ಇಂಜಿನ್ ಬಲಬದಿಯಲ್ಲಿ ಆಯಿಲ್ ನೋಡುವ ಗಾಜು ಇದೆ. ಗಾಡಿ ನೇರ ನಿಲ್ಲಿಸಿ ನೋಡಿ. ಕಪ್ಪಗಿದ್ದರೆ ಹೆದರಬೇಡಿ, ಓಡಿದ ಆಯಿಲ್ ಕಪ್ಪೇ. ಹಾಲು ಹಾಕಿದ ಕಾಫಿ ಬಣ್ಣ ಕಂಡರೆ ಒಳಗೆ ನೀರು ಸೇರಿದೆ. ಜೇನುತುಪ್ಪದಂತೆ ಹೊಚ್ಚ ಹೊಸದಾಗಿದ್ದರೆ ನಿನ್ನೆ ಯಾಕೆ ಬದಲಿಸಿದರು ಅಂತ ಕೇಳಿ.

ಎಬಿಎಸ್ ಇರುವ ಗಾಡಿಯಾದರೆ ಕೀ ತಿರುಗಿಸಿದಾಗ ಮೀಟರಲ್ಲಿ ಎಬಿಎಸ್ ದೀಪ ಹತ್ತಬೇಕು, ಗಾಡಿ ಸ್ವಲ್ಪ ಚಲಿಸಿದ ಮೇಲೆ ಆರಬೇಕು. ಆರದೇ ಇದ್ದರೆ ತೊಂದರೆ. ಹತ್ತಲೇ ಇಲ್ಲ ಅಂದರೆ ಇನ್ನೂ ದೊಡ್ಡ ತೊಂದರೆ, ದೀಪವನ್ನೇ ಮುಚ್ಚಿಟ್ಟಿರಬಹುದು. ಇಂಜೆಕ್ಷನ್ ಗಾಡಿಯ ಇಂಜಿನ್ ದೀಪಕ್ಕೂ ಹೀಗೇ, ಕೀ ತಿರುಗಿಸಿದಾಗ ಹತ್ತಿ ಸ್ಟಾರ್ಟ್ ಆದ ಮೇಲೆ ಆರಬೇಕು.

ಬ್ಯಾಟರಿಗೆ ಮೀಟರ್ ಇಡಿ. ಇಂಜಿನ್ ಆಫ್ ಇದ್ದಾಗ 12.4 ವೋಲ್ಟಿಗಿಂತ ಮೇಲೆ, ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಲರೇಟರ್ ಕೊಟ್ಟಾಗ 13.5ರಿಂದ 14.5ರ ನಡುವೆ ಇರಬೇಕು. ಎರಡನೇ ಅಂಕಿ ಬರದಿದ್ದರೆ ಹೊಸ ಬ್ಯಾಟರಿ ಹಾಕಿಸಿದರೂ ಸಾಯುತ್ತದೆ, ಚಾರ್ಜಿಂಗ್‌ನಲ್ಲೇ ತೊಂದರೆ.

ಥಂಡರ್‌ಬರ್ಡ್‌ನಲ್ಲಿ ಸೆಲ್ಫ್ ಒತ್ತಿದಾಗ ಕರ್‌ರ್ ಅಂತ ಕಬ್ಬಿಣ ಉಜ್ಜಿದ ಸದ್ದು ಬಂದರೆ ಸೆಲ್ಫ್ ಮೋಟರಿನ ತಿರುವನ್ನು ಇಂಜಿನ್ನಿಗೆ ದಾಟಿಸುವ ಸ್ಪ್ರಾಗ್ ಕ್ಲಚ್ ಹೋಗುತ್ತಿದೆ. ಆ ಇಂಜಿನ್ನಿನ ಹಳೇ ಕಾಯಿಲೆ ಇದು. ಮಾರುವವರು ಕಿಕ್ ಹೊಡೆದೇ ಸ್ಟಾರ್ಟ್ ಮಾಡಿ ತೋರಿಸಿದರೆ, "ಬುಲೆಟ್ ಅಂದ್ರೆ ಕಿಕ್ ಹೊಡೆಯೋದೇ ಗತ್ತು ಸಾರ್" ಅಂದರೆ, ನೀವು ಸೆಲ್ಫ್ ಒತ್ತಿ. ಮೂರು ಸಲ ಒತ್ತಿ.

ಹೊಗೆ ನೋಡಿ. ಚಳಿಗಾಲದ ಬೆಳಿಗ್ಗೆ ಚಿಕ್ಕಮಗಳೂರಲ್ಲಿ ನಮ್ಮ ಬಾಯಿಂದಲೂ ಹೊಗೆ ಬರುತ್ತದೆ, ಸೈಲೆನ್ಸರಿಂದ ತೆಳ್ಳಗೆ ಬಿಳಿ ಹಬೆ ಬಂದರೆ ಏನೂ ಅಲ್ಲ, ಎರಡು ನಿಮಿಷಕ್ಕೆ ನಿಲ್ಲುತ್ತದೆ. ನೀಲಿ ಛಾಯೆಯ ಹೊಗೆ, ಸುಟ್ಟೆಣ್ಣೆ ವಾಸನೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಸಾಮಾನ್ಯವಾಗಿ ಸರಿಪಡಿಸಬಹುದು.

7. ಓಡಿಸಿ, ಆದರೆ ಸರಿಯಾದ ರಸ್ತೆಯಲ್ಲಿ

ಮನೆ ಮುಂದೆ ಒಂದು ರೌಂಡ್ ಹೊಡೆದರೆ ಏನೂ ತಿಳಿಯುವುದಿಲ್ಲ. ಕನಿಷ್ಠ ಹತ್ತು ಕಿಲೋಮೀಟರ್, ಅದರಲ್ಲಿ ಏರು, ಇಳಿಜಾರು, ಕೆಟ್ಟ ರಸ್ತೆ ಮೂರೂ ಇರಲಿ. ಚಿಕ್ಕಮಗಳೂರಿನವರು ಕೈಮರ ದಾಟಿ ಸ್ವಲ್ಪ ಏರಿ ಇಳಿದರೆ ಎಲ್ಲವೂ ಸಿಗುತ್ತದೆ, ಆದರೆ ಶನಿವಾರ ಭಾನುವಾರ ಬೇಡ. ಹಾಸನದಲ್ಲಿ ಏರು ಕಮ್ಮಿ, ಆಲೂರು ದಾಟಿ ಸಕಲೇಶಪುರದ ಕಡೆ ಹೋಗಿ.

ಗೆಳೆಯ ಹಿಂದೆ ಬರಲಿ. ಅವನಿಗೆ ಎರಡು ಕೆಲಸ. ನೇರ ರಸ್ತೆಯಲ್ಲಿ ನಿಮ್ಮ ಎರಡೂ ಚಕ್ರ ಒಂದೇ ಗೆರೆಯಲ್ಲಿ ಹೋಗುತ್ತಿವೆಯಾ ನೋಡಬೇಕು. ಆಮೇಲೆ ಉದ್ದ ಇಳಿಜಾರಿನಲ್ಲಿ ನೀವು ಗೇರಲ್ಲೇ ಆಕ್ಸಲರೇಟರ್ ಪೂರ್ತಿ ಬಿಟ್ಟು ಇಳಿದು ಕೆಳಗೆ ಒಮ್ಮೆಲೇ ಕೊಟ್ಟಾಗ ನೀಲಿ ಹೊಗೆ ಬುಸ್ ಅಂತ ಬಂತಾ ನೋಡಬೇಕು. ಆಗ ಮಾತ್ರ ಬಂದರೆ ವಾಲ್ವ್ ಸೀಲ್, ಏರಿನಲ್ಲಿ ಎಳೆಯುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗ್. ಎರಡರ ಖರ್ಚಿಗೂ ಬಹಳ ವ್ಯತ್ಯಾಸವಿದೆ.

ಟಾಪ್ ಗೇರಲ್ಲಿ ನಿಧಾನಕ್ಕೆ ಹೋಗುತ್ತಾ ಏರಿನಲ್ಲಿ ಆಕ್ಸಲರೇಟರ್ ಜೋರಾಗಿ ಕೊಡಿ. ಸದ್ದು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಗೇರ್ ತಾನೇ ಬಿಟ್ಟುಕೊಳ್ಳುತ್ತದೆಯಾ, ಅದರಲ್ಲೂ ಎರಡನೇ ಗೇರ್, ಗಮನಿಸಿ. ಮುಂದಿನ ಬ್ರೇಕ್ ಮೆಲ್ಲಗೆ ಹಿಡಿದಾಗ ಲಿವರ್ ಬೆರಳಿಗೆ ಬಡಿದಂತೆ ಆದರೆ ಡಿಸ್ಕ್ ಸೊಟ್ಟಗಾಗಿದೆ.

ಸೈಲೆನ್ಸರ್ ಬದಲಿಸಿ ಸದ್ದು ಜೋರು ಮಾಡಿಸಿದ ಗಾಡಿಯಾದರೆ ಒರಿಜಿನಲ್ ಸೈಲೆನ್ಸರ್ ಎಲ್ಲಿದೆ ಅಂತ ಕೇಳಿ. ಆ ಸದ್ದಲ್ಲಿ ಇಂಜಿನ್ ಒಳಗಿನ ಟ್ಯಾಪೆಟ್, ಟೈಮಿಂಗ್ ಚೈನ್ ಸದ್ದು ಯಾವುದೂ ಕೇಳಿಸುವುದಿಲ್ಲ. ಪೊಲೀಸರು ಹಿಡಿದರೆ ದಂಡ ಬೇರೆ.

8. ಮೆಕ್ಯಾನಿಕ್ ಮತ್ತು ಬೆಲೆ

ಇಷ್ಟೆಲ್ಲ ದಾಟಿದ ಗಾಡಿಯನ್ನು ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ. ನಿಮ್ಮ ಮೆಕ್ಯಾನಿಕ್, ಮಾರುವವರದಲ್ಲ. ಅವರ ಅರ್ಧ ದಿನಕ್ಕೆ ದುಡ್ಡು ಕೊಡಿ, ಸುಮ್ನೆ ಬಂದು ನೋಡಿ ಅಂದರೆ ಸುಮ್ನೆಯೇ ನೋಡುತ್ತಾರೆ.

ಕಂಪನಿ ಸರ್ವಿಸ್ ಸೆಂಟರಲ್ಲಿ ನಂಬರ್ ಕೊಟ್ಟು ಸರ್ವಿಸ್ ಇತಿಹಾಸ ಕೇಳಿ, ಮಾಲೀಕರು ಜೊತೆಗಿದ್ದರೆ ಸುಲಭ. ಅಲ್ಲಿ ಬರೆದಿರುವ ಕಿಲೋಮೀಟರಿಗೂ ಮೀಟರಿಗೂ ತಾಳೆ ಆಗಬೇಕು. 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್ ನಡುವಿನ ಮೀಟಿಯೋರ್ ಆದರೆ ಇನ್ನೊಂದು ಪ್ರಶ್ನೆ ಇದೆ. ಇಗ್ನಿಷನ್ ಕಾಯಿಲ್ ದೋಷಕ್ಕೆ ಕಂಪನಿ 2021ರ ಮೇನಲ್ಲಿ ಕ್ಲಾಸಿಕ್, ಬುಲೆಟ್ ಸೇರಿ 2,36,966 ಗಾಡಿಗಳನ್ನು ವಾಪಸ್ ಕರೆಸಿ ನೋಡಿತ್ತು. ಈ ಗಾಡಿಗೆ ಅದು ಆಗಿದೆಯಾ?

ಬೆಲೆ ಮಾತಾಡುವಾಗ ಹಾಳೆ ಮುಂದೆ ಇಡಿ. ಟಯರ್ ಎರಡು, ಚೈನ್ ಸೆಟ್, ಕೋನ್ ಸೆಟ್, ಬ್ಯಾಟರಿ, ಇನ್ಶೂರೆನ್ಸ್, ಒಂದೊಂದಕ್ಕೂ ನಿಮ್ಮ ಮೆಕ್ಯಾನಿಕ್ ಹೇಳಿದ ರೇಟ್ ಬರೆದು ಕೂಡಿ. ಎಕ್ಸ್‌ಟ್ರಾ ಲೈಟು, ಲೆಗ್ ಗಾರ್ಡ್, ಸೀಟ್ ಕವರಿಗೆ ಅಂತ ಅವರು ಖರ್ಚು ಮಾಡಿದ್ದನ್ನು ನೀವು ಕೊಡಬೇಕಿಲ್ಲ. ಇನ್ನೊಂದು ಮಾತು, ಕಾಫಿ ಕೊಯ್ಲಿನ ದುಡ್ಡು ಕೈಗೆ ಬಂದಾಗ ನಮ್ಮ ಕಡೆ ಗಾಡಿಗೆ ಗಿರಾಕಿ ಜಾಸ್ತಿ. ಜೂನ್, ಜುಲೈನ ಮಳೆಯಲ್ಲಿ ಯಾರಿಗೂ ಬೇಡ. ಶೆಡ್ ಇರುವವರು ಆಗ ಚೌಕಾಸಿ ಮಾಡಿ.

9. ದುಡ್ಡು ಮತ್ತು ಟ್ರಾನ್ಸ್‌ಫರ್ ಒಂದೇ ಕೂತಲ್ಲಿ

ಜನ ಸೋಲುವುದು ಇಲ್ಲೇ. ಪೂರ್ತಿ ದುಡ್ಡು ಕೊಟ್ಟು, "ಟ್ರಾನ್ಸ್‌ಫರ್ ಮುಂದಿನ ವಾರ ಮಾಡಿಸೋಣ" ಅಂದರೆ ಆ ವಾರ ಬರುವುದೇ ಇಲ್ಲ.

ಪರಿವಾಹನ್ ಸೈಟಲ್ಲಿ ಅರ್ಜಿ ಹಾಕುವಾಗ ಒಟಿಪಿ ಹೋಗುವುದು ಹಳೇ ಮಾಲೀಕರ ಮೊಬೈಲಿಗೆ. ದುಬೈ ಕಥೆ ಆದದ್ದು ಹೀಗೆ, ಆ ಸಿಮ್ಮೇ ಈಗ ಚಾಲ್ತಿಯಲ್ಲಿಲ್ಲ. ಹಾಗಾಗಿ ಮಾಲೀಕರು, ನೀವು, ಅವರ ಫೋನು ಮೂರೂ ಒಂದೇ ಮೇಜಿನ ಸುತ್ತ ಇರುವಾಗ ಅರ್ಜಿ ಹಾಕಿ. ಸೈಬರ್ ಸೆಂಟರಲ್ಲಿ ಕೂತರೂ ಆಯಿತು. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಇಬ್ಬರ ಆಧಾರ್, ಪ್ಯಾನ್, ಫೋಟೋ ಇಟ್ಟುಕೊಳ್ಳಿ. ಖಾಲಿ ಫಾರ್ಮಿಗೆ ನೀವೂ ಸಹಿ ಹಾಕಬೇಡಿ, ಅವರಿಂದಲೂ ಹಾಕಿಸಬೇಡಿ.

ಕಾನೂನಿನ ಪ್ರಕಾರ ಒಂದೇ ರಾಜ್ಯದ ಒಳಗೆ ಮಾರುವವರು 14 ದಿನದಲ್ಲಿ, ಕೊಳ್ಳುವವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಅರ್ಜಿ ಸಲ್ಲಿಸಿ ನಂಬರ್ ಬಂದ ಮೇಲೆ ದುಡ್ಡು ಕಳಿಸಿ, ಬ್ಯಾಂಕ್ ಮೂಲಕವೇ. ಅಡ್ವಾನ್ಸ್ ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಡಿ, ರಸೀದಿಯಲ್ಲಿ ಗಾಡಿ ನಂಬರ್, ಒಪ್ಪಿದ ಬೆಲೆ, ಪೇಪರ್ ಸರಿ ಇಲ್ಲದಿದ್ದರೆ ವಾಪಸ್ ಅನ್ನುವ ಮಾತು ಇರಲಿ.

ಗಾಡಿ ಕೈಗೆ ತಗೊಂಡ ದಿನಾಂಕ ಮಾತ್ರ ಅಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಆವತ್ತು ಬೆಳಿಗ್ಗೆ ಅವರು ಸಿಗ್ನಲ್ ಹಾರಿಸಿದ್ದು ನಿಮ್ಮ ತಲೆಗೆ ಬರಬಾರದು, ಸಂಜೆ ನೀವು ಮಾಡಿದ್ದು ಅವರ ತಲೆಗೆ ಹೋಗಬಾರದು, ಅಲ್ವಾ?

ಇನ್ಶೂರೆನ್ಸ್ ಬೇರೆಯೇ ಕೆಲಸ, ಆರ್‌ಸಿ ಬದಲಾದರೆ ಅದು ತಾನಾಗಿ ಬದಲಾಗುವುದಿಲ್ಲ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆಗೇ ಬರುತ್ತದೆ. ಆದರೆ ನಿಮ್ಮ ಗಾಡಿಗೆ ಆಗುವ ಹಾನಿಯ ಭಾಗ ಹಾಗಲ್ಲ, 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಹಳೇ ಮಾಲೀಕರದು, ಅದರ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕಾಗುತ್ತದೆ.

10. ಮನೆಗೆ ತಂದ ಮೊದಲ ವಾರ

ಮಾರಿದವರು ಏನೇ ಹೇಳಿರಲಿ, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಬ್ರೇಕ್ ಆಯಿಲ್ ಕೂಡ, ಅದು ಗಾಳಿಯ ತೇವ ಎಳೆಯುತ್ತದೆ, ನಮ್ಮ ಹವೆಯಲ್ಲಿ ಬೇಗ ಕೆಡುತ್ತದೆ. ತೆಗೆದ ಹಳೇ ಇಂಜಿನ್ ಆಯಿಲನ್ನು ಬಿಳಿ ಹಾಳೆ ಮೇಲೆ ಎರಡು ಹನಿ ಹಾಕಿ ಬಿಸಿಲಿಗೆ ಹಿಡಿದು ನೋಡಿ, ಹೊಳೆಯುವ ಲೋಹದ ಪುಡಿ ಜಾಸ್ತಿ ಕಂಡರೆ ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ. ಎರಡನೇ ಕೀ ಕೇಳಿ ತಗೊಳ್ಳಿ, ಎಲ್ಲರೂ ಮರೆಯುವುದು ಅದನ್ನೇ.

ಹೊಸ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂದ ದಿನ ಹಾಗೇ ಪರ್ಸಿಗೆ ಹಾಕಬೇಡಿ. ನಿಮ್ಮ ಹೆಸರಿನ ಅಕ್ಷರ, ವಿಳಾಸ, ಚಾಸಿ ನಂಬರ್ ಎಲ್ಲ ಹೋಲಿಸಿ. ಲೋನ್ ಇದ್ದ ಗಾಡಿಯಾದರೆ ಫೈನಾನ್ಸ್ ಹೆಸರು ನಿಜವಾಗಿಯೂ ಹೋಗಿದೆಯಾ ಅಂತ ಇನ್ನೊಂದು ಸಲ ನೋಡಿ.